ಆಕಾಶದಲ್ಲಿ ಎಂಜಿನ್ ನಿಂತರೆ?

ತುಮಕೂರಿನಿಂದ ಗುಬ್ಬಿಗೆ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತೆನ್ನಿ. ಪ್ರಯಾಣಿಕರು ಗೊಣಗುತ್ತ ಕೆಳಗಿಳಿಯುತ್ತಾರೆ. ಕಂಡಕ್ಟರು ಹಿಂದಿನಿಂದ ಬರುವ ಬಸ್ಸಿಗೆ ಕೈ ತೋರಿಸುತ್ತಾನೆ. ಒಂದು ಗಂಟೆ ತಡವಾದೀತೇ ಹೊರತು ಯಾರ ಪ್ರಾಣಕ್ಕೂ ಅಪಾಯವಿಲ್ಲ. ಅದೇ ರಸ್ತೆಯ ಮೇಲೆ, ನೆಲದಿಂದ ಒಂದು ಸಾವಿರ ಮೀಟರ್ ಎತ್ತರದಲ್ಲಿ ಹಾರುತ್ತಿರುವ ಪುಟ್ಟ ವಿಮಾನವೊಂದರ ಎಂಜಿನ್ ಹಾಗೆಯೇ ನಿಂತರೆ ಗತಿಯೇನು? ಈ ಪ್ರಶ್ನೆಯನ್ನು ಕೇಳಿದರೆ ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಕೊಡುವ ಉತ್ತರ ಒಂದೇ: “ಇನ್ನೇನು ಗತಿ? ಕಲ್ಲಿನಂತೆ ಕೆಳಕ್ಕೆ ಬೀಳುತ್ತದೆ.”

ಈ ಉತ್ತರ ತಪ್ಪು. ಆದರೆ “ಏನೂ ಆಗುವುದಿಲ್ಲ” ಎಂಬ ಉತ್ತರವೂ ಅಷ್ಟೇ ತಪ್ಪು. ಇವೆರಡರ ನಡುವೆ ಇರುವ ನಿಜವನ್ನು ತಿಳಿಯುವುದು ಗುಬ್ಬಿ, ತುಮಕೂರು, ಕುಣಿಗಲ್ಲುಗಳ ಜನರಿಗೆ ಈಗ ಬರಿಯ ಕುತೂಹಲದ ಮಾತಾಗಿ ಉಳಿದಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆ ವಿಸ್ತಾರದಲ್ಲಿ, ಹಿಂದುಸ್ತಾನ್ ಏರೊನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಎದ್ದು ನಿಂತಿದೆ. 2016ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ಈ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹಕ್ಕಿಯ ಹೆಸರು ಹೊತ್ತ ಊರಿಗೆ ರೆಕ್ಕೆ ಬಂದದ್ದು ಸಹಜವೇ ಸರಿ. ಇಲ್ಲಿ ಮೊದಲು ತಯಾರಿಸಲೆಂದು ಗೊತ್ತುಮಾಡಿದ ಯಂತ್ರ ಮೂರು ಟನ್ನಿನ ವರ್ಗದ ಹಗುರ ಹೆಲಿಕಾಪ್ಟರ್. ಅದಕ್ಕಿರುವುದು ಒಂದೇ ಒಂದು ಎಂಜಿನ್.

ಒಂದೇ ಎಂಜಿನ್ ಎಂದೊಡನೆ ಓದುಗರ ಮನಸ್ಸಿನಲ್ಲಿ ಅಳುಕು ಮೂಡುವುದು ಸಹಜ. ಆ ಅಳುಕಿನಲ್ಲಿ ಎಷ್ಟು ಪಾಲು ನಿಜ, ಎಷ್ಟು ಪಾಲು ಭ್ರಮೆ ಎಂಬುದನ್ನು ನೋಡೋಣ.

ಎತ್ತರವೆಂಬ ಬಂಡವಾಳ

ವಿಮಾನವನ್ನು ಆಕಾಶದಲ್ಲಿ ಎತ್ತಿ ಹಿಡಿಯುವುದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆಯ ಮೇಲೆ ಗಾಳಿ ತಕ್ಕ ವೇಗದಲ್ಲಿ ಹರಿಯುತ್ತಿರುವ ತನಕ ರೆಕ್ಕೆ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ. ಆ ವೇಗವನ್ನು ಒದಗಿಸುವುದಷ್ಟೇ ಎಂಜಿನ್ನಿನ ಕೆಲಸ. ಎಂಜಿನ್ ನಿಂತಾಗ ವೇಗವನ್ನು ಬೇರೆ ಕಡೆಯಿಂದ ತರಬೇಕು. ಅದು ಸಿಗುವುದು ಎತ್ತರದಿಂದ. ಸೈಕಲ್ ಸವಾರನು ದೇವರಾಯನದುರ್ಗದ ಇಳಿಜಾರಿನಲ್ಲಿ ಪೆಡಲು ತುಳಿಯದೆ ಬರುವಂತೆ, ವಿಮಾನವೂ ತನ್ನ ಮೂತಿಯನ್ನು ತುಸು ತಗ್ಗಿಸಿ, ಗಾಳಿಯ ಇಳಿಜಾರಿನಲ್ಲಿ ಜಾರುತ್ತ ಬರಬಲ್ಲದು.

ಇಳಿಜಾರು ಎಷ್ಟು ಕಡಿದು? ತರಬೇತಿಯ ಶಾಲೆಗಳಲ್ಲಿ ಬಳಸುವ ಸಾಮಾನ್ಯ ಹಗುರ ವಿಮಾನ ನಿಶ್ಚಲವಾದ ಗಾಳಿಯಲ್ಲಿ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಮೀಟರ್ ಮುಂದೆ ಸಾಗುತ್ತದೆ. ಅಂದರೆ ಸಾವಿರ ಮೀಟರ್ ಎತ್ತರದಿಂದ ಒಂಬತ್ತು ಕಿಲೋಮೀಟರ್. ಆಗ ಅದರ ವೇಗ ಗಂಟೆಗೆ 120 ಕಿಲೋಮೀಟರಿನಷ್ಟು. ಲೆಕ್ಕ ಹಾಕಿದರೆ ಚಾಲಕನ ಕೈಯಲ್ಲಿ ನಾಲ್ಕೂವರೆ ನಿಮಿಷಗಳಿರುತ್ತವೆ. ಮುನ್ನೂರು ಮೀಟರಿನಲ್ಲಿ ಎಂಜಿನ್ ನಿಂತರೆ ಉಳಿಯುವುದು ಒಂದು ನಿಮಿಷ ಇಪ್ಪತ್ತು ಸೆಕೆಂಡು. ನೂರು ಮೀಟರಿನಲ್ಲಾದರೆ ಅರ್ಧ ನಿಮಿಷಕ್ಕೂ ಕಡಿಮೆ. ಎತ್ತರವು ವೈಮಾನಿಕನ ಬಂಡವಾಳ. ಅದನ್ನು ಅವನು ವೇಗವಾಗಿ, ದೂರವಾಗಿ, ಕಾಲವಾಗಿ ಖರ್ಚುಮಾಡಬಲ್ಲ. ಆದರೆ ಖರ್ಚಾದ ಬಂಡವಾಳ ಎಂಜಿನ್ ಇಲ್ಲದೆ ಮರಳಿ ಬರುವುದಿಲ್ಲ.

ಈ ಲೆಕ್ಕವನ್ನು ನಮ್ಮ ನೆಲಕ್ಕೆ ಹೊಂದಿಸೋಣ. ತುಮಕೂರಿನಿಂದ ಕುಣಿಗಲ್ಲಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 36 ಕಿಲೋಮೀಟರ್. ಊರುಗಳನ್ನು ಗುರುತಿಗಾಗಿ ಮಾತ್ರ ತೆಗೆದುಕೊಂಡು, ಹೆಬ್ಬೂರಿನ ಆಸುಪಾಸಿನಲ್ಲಿ, ನಡುದಾರಿಯಲ್ಲಿ, ನೆಲದಿಂದ ಸಾವಿರ ಮೀಟರ್ ಎತ್ತರದಲ್ಲಿ ಎಂಜಿನ್ ನಿಂತಿತೆಂದು ಊಹಿಸಿಕೊಳ್ಳಿ. ತುಮಕೂರು 18 ಕಿಲೋಮೀಟರ್ ಹಿಂದೆ, ಕುಣಿಗಲ್ಲು 18 ಕಿಲೋಮೀಟರ್ ಮುಂದೆ. ವಿಮಾನ ತಲುಪಬಲ್ಲದ್ದು ಒಂಬತ್ತು. ಎರಡು ಊರುಗಳಲ್ಲಿ ಒಂದೂ ಕೈಗೆ ಎಟುಕುವಂತಿಲ್ಲ. ನಡುವಣ ಹೊಲವೇ ಗತಿ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಎತ್ತರಮಾಪಕವನ್ನು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿರುತ್ತಾರೆ. ತುಮಕೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಆದಕಾರಣ ಮಾಪಕದ ಮುಳ್ಳು 1,800ನ್ನು ತೋರಿಸುತ್ತಿದ್ದರೆ ಚಾಲಕನಿಗೆ ನಿಜವಾಗಿ ದಕ್ಕುವುದು ಒಂದು ಸಾವಿರ ಮಾತ್ರ. ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗದ ನೆತ್ತಿಯ ಮೇಲಾದರೆ ಆರು ನೂರು. ಮುಳ್ಳು ತೋರಿಸುವ ಅಂಕೆಯನ್ನು ನಂಬಿ ನೆಲವನ್ನು ಮರೆತವನು ಸಾಲದ ಹಣವನ್ನು ಸ್ವಂತದ್ದೆಂದು ಎಣಿಸಿದವನಂತೆ.

ಕೆಳಗಿನ ನೆಲ

ಈ ಸೀಮೆಯ ನೆಲವನ್ನು ಮೇಲಿನಿಂದ ನೋಡಿದವರಿಗೆ ಮೊದಲು ಕಾಣುವುದು ಹಸುರು. ಆದರೆ ಹಸುರೆಲ್ಲ ಒಂದೇ ಅಲ್ಲ. ಗುಬ್ಬಿಯ ತೆಂಗು ಅಡಕೆಗಳ ತೋಟ ಕಣ್ಣಿಗೆ ಮೆತ್ತನೆಯ ಹಾಸು. ವಿಮಾನಕ್ಕೆ ಅದು ನೆಟ್ಟ ಕಂಬಗಳ ಸಾಲು. ಕುಣಿಗಲ್ಲಿನ ದೊಡ್ಡಕೆರೆಯಾಗಲಿ ತುಮಕೂರಿನ ಅಮಾನಿಕೆರೆಯಾಗಲಿ ಸಮತಟ್ಟಾದ ಕನ್ನಡಿಯಂತೆ ತೋರಿದರೂ, ಚಕ್ರಗಳನ್ನು ಒಳಸೆಳೆದುಕೊಳ್ಳಲಾಗದ ಹಗುರ ವಿಮಾನ ನೀರನ್ನು ಮುಟ್ಟಿದೊಡನೆ ಮುಗ್ಗರಿಸಿ ತಲೆಕೆಳಗಾಗುವ ಸಂಭವ ಹೆಚ್ಚು. ಹೆದ್ದಾರಿ ಉದ್ದವೂ ನೇರವೂ ಆಗಿರಬಹುದು. ಅದರ ಮೇಲೆ ಲಾರಿಗಳಿವೆ, ಅಡ್ಡಲಾಗಿ ತಂತಿಗಳಿವೆ. ತಂತಿ ಆಕಾಶದಿಂದ ಕಾಣುವುದಿಲ್ಲ. ಕಂಬಗಳ ಸಾಲನ್ನು ಕಂಡು ತಂತಿಯಿರಬೇಕೆಂದು ಅನುಮಾನಿಸಬೇಕು.

ಹಾಗಾದರೆ ಒಳ್ಳೆಯ ನೆಲ ಯಾವುದು? ಕೊಯ್ಲಾದ ರಾಗಿಯ ಹೊಲ, ಅದರಲ್ಲಿಯೂ ಗಾಳಿಗೆ ಎದುರಾಗಿ ಉದ್ದಕ್ಕೆ ಚಾಚಿಕೊಂಡದ್ದು. ಉತ್ತ ನೆಲವಾದರೆ ಸಾಲಿನ ಉದ್ದಕ್ಕೂ ಇಳಿಯಬೇಕೇ ಹೊರತು ಸಾಲಿಗೆ ಅಡ್ಡವಾಗಿ ಅಲ್ಲ. ಬದುಗಳೆಲ್ಲಿವೆ, ಬಾವಿಯೆಲ್ಲಿದೆ, ಹೊಲದಲ್ಲಿ ಆಳುಗಳು ಇದ್ದಾರೆಯೇ ಎಂಬುದನ್ನೆಲ್ಲ ಆ ಕೆಲವು ನಿಮಿಷಗಳಲ್ಲಿ ನೋಡಿ ತೀರ್ಮಾನಿಸಬೇಕು. ನುರಿತ ವೈಮಾನಿಕನು ಈ ಕೆಲಸವನ್ನು ಎಂಜಿನ್ ನಿಂತ ಮೇಲೆ ಆರಂಭಿಸುವುದಿಲ್ಲ. ಎಂಜಿನ್ ಸರಿಯಾಗಿ ಓಡುತ್ತಿರುವಾಗಲೇ, ಹಾರಾಟದ ಉದ್ದಕ್ಕೂ, “ಈ ಗಳಿಗೆಯಲ್ಲಿ ನಿಂತರೆ ಎಲ್ಲಿ ಇಳಿಯಲಿ?” ಎಂದು ತನ್ನನ್ನೇ ಕೇಳಿಕೊಳ್ಳುತ್ತಿರುತ್ತಾನೆ.

2023ರ ಮೇ 30ರಂದು ಬೆಳಗಾವಿಯ ಬಳಿ, ಎರಡು ಆಸನಗಳ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದಾಗಿ ಹೊನ್ನಿಹಾಳದ ಹತ್ತಿರದ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿದರು. ಇಂಥ ಬದುಕು ಕೇವಲ ದೈವಬಲವಲ್ಲ. ಅದಕ್ಕೆ ಭೌತಶಾಸ್ತ್ರದ ಆಧಾರವಿದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದ ವಿಮಾನ ಕೇವಲ ಹತ್ತು ಮೀಟರಿನಲ್ಲಿ ಉಜ್ಜಿಕೊಂಡು ನಿಂತರೂ, ಆ ನಿಲುಗಡೆ ಒಂದೇ ಸಮನಾಗಿ ನಡೆದರೆ, ಒಳಗಿನವರ ಮೇಲೆ ಬೀಳುವ ಬಲ ಅವರ ತೂಕದ ಸುಮಾರು ಮೂರು ಪಟ್ಟು ಮಾತ್ರ. ಸೊಂಟಕ್ಕೂ ಹೆಗಲಿಗೂ ಪಟ್ಟಿ ಕಟ್ಟಿಕೊಂಡ ಮನುಷ್ಯ ಇದನ್ನು ಸಲೀಸಾಗಿ ತಾಳಬಲ್ಲ. ರೆಕ್ಕೆಗಳು ಮುರಿಯಲಿ, ಚಕ್ರಗಳು ಕಳಚಲಿ. ವಿಮಾನ ಮಟ್ಟಸವಾಗಿ, ಹತೋಟಿಯಲ್ಲಿ ನೆಲ ಸೇರಿದರೆ ಪ್ರಾಣ ಉಳಿಯುತ್ತದೆ.

ಕೊಲ್ಲುವ ತಿರುವು

ಹಾಗಿದ್ದರೆ ಕೊಲ್ಲುವುದು ಯಾವುದು? ಹತೋಟಿ ತಪ್ಪುವುದು. ಅದರಲ್ಲಿ ಮುಖ್ಯವಾದದ್ದು ಒಂದು ತಿರುವು. ವಿಮಾನ ನಿಲ್ದಾಣವನ್ನು ಬಿಟ್ಟು ನೂರಿನ್ನೂರು ಮೀಟರ್ ಏರಿದೊಡನೆ ಎಂಜಿನ್ ನಿಂತಿತೆನ್ನಿ. ಮುಂದೆ ಗುರುತಿಲ್ಲದ ಹೊಲ. ಬೆನ್ನ ಹಿಂದೆ ಈಗತಾನೆ ಬಿಟ್ಟ ಚೊಕ್ಕಟವಾದ ಓಟದ ಹಾದಿ. ಮನಸ್ಸು ಹಿಂದಕ್ಕೆ ಎಳೆಯುತ್ತದೆ. ಕಡಿಮೆ ಎತ್ತರದಲ್ಲಿ ಬೇಗ ತಿರುಗಬೇಕಾದರೆ ವಿಮಾನವನ್ನು ಹೆಚ್ಚು ಓರೆ ಮಾಡಬೇಕು. ಓರೆಯಾದ ರೆಕ್ಕೆ ವಿಮಾನದ ಭಾರವನ್ನು ಹೊರುವುದಲ್ಲದೆ ಅದನ್ನು ತಿರುಗಿಸಲೂ ದುಡಿಯಬೇಕು. ಆದಕಾರಣ ರೆಕ್ಕೆಯ ಎತ್ತುವ ಬಲ ಕುಸಿಯದಿರಲು ಬೇಕಾದ ಕನಿಷ್ಠ ವೇಗವೂ ಏರುತ್ತದೆ: 45 ಡಿಗ್ರಿಯ ಓರೆಯಲ್ಲಿ ನೂರಕ್ಕೆ 19ರಷ್ಟು, 60 ಡಿಗ್ರಿಯಲ್ಲಿ ನೂರಕ್ಕೆ 41ರಷ್ಟು. ವೇಗವೋ ಇಳಿಮುಖ, ಬೇಕಾದ ವೇಗವೋ ಏರುಮುಖ. ಎರಡೂ ಸಂಧಿಸಿದ ಗಳಿಗೆಯಲ್ಲಿ ಒಂದು ರೆಕ್ಕೆ ಕುಸಿದು ವಿಮಾನ ಸುತ್ತುತ್ತ ಬೀಳುತ್ತದೆ. ಚೇತರಿಸಿಕೊಳ್ಳಲು ಎತ್ತರವಿರುವುದಿಲ್ಲ. ಮುಂದಿನ ಹೊಲದಲ್ಲಿ ಮೂರು ಪಟ್ಟಿನ ಬಲವನ್ನು ತಾಳಿ ಬದುಕಬಹುದಾಗಿದ್ದವನು ಹಿಂದಿನ ಹಾದಿಯ ಆಸೆಯಿಂದ ಕೆಡುತ್ತಾನೆ.

ಆದುದರಿಂದಲೇ ಬಲ್ಲ ಶಿಕ್ಷಕರು ಹಾರುವುದಕ್ಕೆ ಮುನ್ನ, ನೆಲದ ಮೇಲೆಯೇ, ಶಿಷ್ಯನ ಬಾಯಿಂದ ಹೇಳಿಸುತ್ತಾರೆ: “ಇಷ್ಟು ಎತ್ತರದೊಳಗೆ ಎಂಜಿನ್ ನಿಂತರೆ ತಿರುಗುವುದಿಲ್ಲ, ನೇರವಾಗಿ ಮುಂದೆಯೇ ಇಳಿಯುತ್ತೇನೆ.” ಗಾಬರಿಯ ಗಳಿಗೆಯಲ್ಲಿ ಮನಸ್ಸು ಹೊಸದಾಗಿ ವಿಚಾರ ಮಾಡಲಾರದು, ಮೊದಲೇ ಮಾಡಿಟ್ಟ ತೀರ್ಮಾನವನ್ನು ಮಾತ್ರ ನಡೆಸಬಲ್ಲದು.

ಎಂಜಿನ್ ಏತಕ್ಕೆ ನಿಲ್ಲುತ್ತದೆ?

ಎಂಜಿನ್ ನಿಂತಿತೆಂದರೆ ಲೋಹ ಮುರಿಯಿತೆಂದೇ ನಾವು ಭಾವಿಸುತ್ತೇವೆ. ಹಾಗೆ ಆಗುವುದುಂಟು. ಆದರೆ ಹಗುರ ವಿಮಾನಗಳ ಎಂಜಿನ್ ನಿಲ್ಲುವುದಕ್ಕೆ ಬಹು ಸಾಮಾನ್ಯವಾದ ಕಾರಣ ಇಂಧನಕ್ಕೆ ಸಂಬಂಧಿಸಿದ್ದು: ತೊಟ್ಟಿ ಬರಿದಾಗಿರುವುದು, ತುಂಬಿದ ತೊಟ್ಟಿಯಿದ್ದೂ ಬರಿದಾದ ತೊಟ್ಟಿಯ ಕಡೆಗೆ ಕೀಲಿಯನ್ನು ತಿರುಗಿಸಿರುವುದು, ಇಲ್ಲವೇ ಪೆಟ್ರೋಲಿನಲ್ಲಿ ನೀರು ಸೇರಿರುವುದು. ನೀರು ಪೆಟ್ರೋಲಿಗಿಂತ ಭಾರ. ರಾತ್ರಿಯ ತಂಪಿಗೆ ತೊಟ್ಟಿಯೊಳಗೆ ಹನಿಗಟ್ಟಿದ ನೀರು ತಳಕ್ಕೆ ಇಳಿದಿರುತ್ತದೆ. ಬೆಳಗಿನ ಮೊದಲ ಹಾರಾಟಕ್ಕೆ ಮುನ್ನ ತಳದ ಕೊಳಾಯಿಯಿಂದ ಸ್ವಲ್ಪ ಇಂಧನವನ್ನು ಗಾಜಿನ ಲೋಟಕ್ಕೆ ಹಿಡಿದು, ಬೆಳಕಿಗೆ ಎತ್ತಿ ನೋಡಿದರೆ ನೀರು ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಒಂದು ನಿಮಿಷದ ಕೆಲಸ. ಅದನ್ನು ಬಿಟ್ಟವನಿಗೆ ಆಕಾಶದಲ್ಲಿ ಆ ಒಂದು ನಿಮಿಷ ಸಿಗದೆ ಹೋಗಬಹುದು.

ಇನ್ನೊಂದು ಕಾರಣ ಕೇಳಿದರೆ ಆಶ್ಚರ್ಯವಾದೀತು: ಹಿಮ. ಕಾರ್ಬುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಸುತ್ತಲ ಶಾಖವನ್ನು ಹೀರುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ನುಗ್ಗುವ ಗಾಳಿಯ ಒತ್ತಡವೂ ತಗ್ಗಿ ಮತ್ತಷ್ಟು ತಣ್ಣಗಾಗುತ್ತದೆ. ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇರುವ ಮಳೆಗಾಲದ ತೇವದ ದಿನದಲ್ಲಿಯೂ ಒಳಗೆ ಹಿಮಗಟ್ಟಿ ಎಂಜಿನ್ನಿನ ಉಸಿರು ಕಟ್ಟಬಹುದು. ಇದಕ್ಕೆಂದೇ ಬಿಸಿಗಾಳಿಯನ್ನು ಒಳಬಿಡುವ ಕೈಹಿಡಿ ಇರುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಎಳೆಯಬೇಕಾದವನು ಚಾಲಕ.

ಈ ಕಾರಣಗಳನ್ನು ಇಲ್ಲಿ ಹೇಳಿದ್ದರ ಉದ್ದೇಶವಿಷ್ಟೆ: “ಎಂಜಿನ್ ಕೈಕೊಟ್ಟಿತು” ಎಂದು ನಾವು ಯಂತ್ರವನ್ನು ದೂರುವ ಅನೇಕ ಸಂದರ್ಭಗಳಲ್ಲಿ ಯಂತ್ರಕ್ಕೆ ಮೊದಲು ಕೈಕೊಟ್ಟವರು ಮನುಷ್ಯರೇ ಆಗಿರುತ್ತಾರೆ.

ಎರಡಿದ್ದರೆ ಸಾಲದೇ?

“ಒಂದಕ್ಕೆ ಎರಡು ಎಂಜಿನ್ ಇಟ್ಟರೆ ಆಯಿತಲ್ಲ” ಎಂದು ಓದುಗರು ಹೇಳಬಹುದು. ಒಂದು ಎಂಜಿನ್ ಕೆಡುವ ಸಂಭವ ಇಷ್ಟೆಂದಾದರೆ, ಎರಡರಲ್ಲಿ ಯಾವುದಾದರೊಂದು ಕೆಡುವ ಸಂಭವ ಅದರ ಇಮ್ಮಡಿ. ಉಳಿದ ಎಂಜಿನ್ ವಿಮಾನವನ್ನು ನಡೆಸಬಲ್ಲುದಾಗಿದ್ದರೆ, ಮತ್ತು ಚಾಲಕನು ಆ ಒಕ್ಕಣ್ಣಿನ ನಡಿಗೆಯನ್ನು ಹತೋಟಿಯಲ್ಲಿಡಬಲ್ಲವನಾಗಿದ್ದರೆ ಮಾತ್ರ ಎರಡು ಲಾಭ. 1927ರಲ್ಲಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿದಾಗ ಈ ಲೆಕ್ಕವನ್ನು ಹಾಕಿಯೇ ಒಂದು ಎಂಜಿನ್ನಿನ ವಿಮಾನವನ್ನು ಆರಿಸಿಕೊಂಡಿದ್ದನು. ಈಗಿನ ದೊಡ್ಡ ವಿಮಾನಗಳು ಒಂದೇ ಎಂಜಿನ್ನಿನಲ್ಲಿ ದೂರ ಹಾರಬಲ್ಲವಾದ್ದರಿಂದ ಅವುಗಳ ವಿಷಯ ಬೇರೆ.

ಎರಡು ಎಂಜಿನ್ನುಗಳೇ ರಕ್ಷೆಯಲ್ಲವೆಂಬುದನ್ನು ನಮ್ಮ ನಾಡು ಬಹು ದುಬಾರಿಯ ಬೆಲೆ ಕೊಟ್ಟು ಕಲಿತಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ‘ಸರಸ್’ ಎಂಬ ಹಗುರ ಸಾರಿಗೆ ವಿಮಾನಕ್ಕೆ ಬಾಲದ ಬಳಿ ಎರಡು ಎಂಜಿನ್ನುಗಳು. ಅದರ ಎರಡನೆಯ ಮಾದರಿ 2009ರ ಮಾರ್ಚ್ 6ರಂದು ಪರೀಕ್ಷಾ ಹಾರಾಟದಲ್ಲಿತ್ತು. ಒಂದು ಎಂಜಿನ್ನನ್ನು ಆಕಾಶದಲ್ಲಿ ಬೇಕೆಂದೇ ನಿಲ್ಲಿಸಿ ಮತ್ತೆ ಹೊತ್ತಿಸಿ ನೋಡುವುದು ಅಂದಿನ ಪರೀಕ್ಷೆ. ಕುಣಿಗಲ್ಲಿನಿಂದ ಆಗ್ನೇಯಕ್ಕೆ, ನೇರ ಗೆರೆಯಲ್ಲಿ ಐವತ್ತು ಕಿಲೋಮೀಟರಿನೊಳಗಿರುವ ಬಿಡದಿಯ ಬಳಿಯ ಶೇಷಗಿರಿಹಳ್ಳಿಯಲ್ಲಿ ವಿಮಾನ ನೆಲಕ್ಕಪ್ಪಳಿಸಿತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಈ ಮೂವರೂ ಪ್ರಾಣ ತೆತ್ತರು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ ಕಂಡುಕೊಂಡ ಕಾರಣವನ್ನು ಎಚ್ಚರಿಕೆಯಿಂದ ಓದಬೇಕು. ಎಂಜಿನ್ನನ್ನು ಮತ್ತೆ ಹೊತ್ತಿಸಲು ವಿನ್ಯಾಸಕಾರರು ಗೊತ್ತುಮಾಡಿದ್ದ ಕ್ರಮವೇ ಸರಿಯಿರಲಿಲ್ಲ. ಆ ಕ್ರಮವನ್ನು ಸಾಲದಷ್ಟು ಎತ್ತರದಲ್ಲಿ ಅನುಸರಿಸಲಾಯಿತು. ವಿಮಾನ ಬೇಗಬೇಗನೆ ಎತ್ತರ ಕಳೆದುಕೊಂಡು ವಿಪರೀತವಾಗಿ ವರ್ತಿಸಿತು. ಪ್ರೊಪೆಲರನ್ನು ತಯಾರಿಸಿದವರ ಸಲಹೆಯನ್ನು ಕೇಳದೆ ಕ್ರಮವನ್ನು ರೂಪಿಸಿದ್ದೂ, ಒಳಗಿನವರ ಪರಸ್ಪರ ಹೊಂದಾಣಿಕೆಯ ಕೊರತೆಯೂ ವರದಿಯಲ್ಲಿ ಸೇರಿದ್ದವು. ನಿಂತ ಎಂಜಿನ್ನಿನ ಪ್ರೊಪೆಲರು ಗಾಳಿಗೆ ಅಂಚನ್ನು ತೋರದೆ ಮುಖವನ್ನು ತೋರಿದರೆ, ಅದು ಹಿಂದಕ್ಕೆ ಎಳೆಯುವ ದೊಡ್ಡ ತಡೆಯಾಗುತ್ತದೆ. ಆದಕಾರಣ ಅದರ ಅಲಗುಗಳ ಕೋನ ಕ್ಷಣಕ್ಷಣಕ್ಕೂ ಎಷ್ಟಿರಬೇಕೆಂಬುದು ಜೀವಮರಣದ ಪ್ರಶ್ನೆ.

ಇದೇ ಪರೀಕ್ಷೆಯನ್ನು ಹದಿಮೂರು ವರ್ಷಗಳ ತರುವಾಯ ಅದೇ ಸಂಸ್ಥೆಯ ಇನ್ನೊಂದು ವಿಮಾನ ಎದುರಿಸಿತು. ಗುಬ್ಬಿಯ ಉತ್ತರಕ್ಕೆ ನೂರು ಕಿಲೋಮೀಟರಿಗೂ ಆಚೆ, ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ, 2022ರ ಮೇ 17ರಂದು ಎರಡು ಆಸನಗಳ ‘ಹಂಸ’ದ ಹೊಸ ಪೀಳಿಗೆಯ ವಿಮಾನ 7,000ದಿಂದ 8,000 ಅಡಿ ಎತ್ತರದಲ್ಲಿ, 60ರಿಂದ 70 ನಾಟ್ ವೇಗದಲ್ಲಿ ಹಾರುತ್ತಿರುವಾಗ ವಾಯುಸೇನೆಯ ಪರೀಕ್ಷಾ ವೈಮಾನಿಕರಿಬ್ಬರು ಅದರ ಎಂಜಿನ್ನನ್ನು ನಿಲ್ಲಿಸಿದರು. ಇದಕ್ಕೆ ಎರಡನೆಯ ಎಂಜಿನ್ನೇ ಇಲ್ಲ. ಗಾಳಿಗೆ ತಿರುಗುವ ಪ್ರೊಪೆಲರಿನೊಡನೆ ವಿಮಾನದ ನಡವಳಿಕೆಯನ್ನು ಗಮನಿಸಿ, ಮತ್ತೆ ಎಂಜಿನ್ ಹೊತ್ತಿಸಿ ಕ್ಷೇಮವಾಗಿ ಇಳಿದರು. ಎರಡು ಎಂಜಿನ್ನುಗಳ ವಿಮಾನ ಕೆಡೆದ ಪರೀಕ್ಷೆಯಲ್ಲಿ ಒಂದು ಎಂಜಿನ್ನಿನ ವಿಮಾನ ಗೆದ್ದಿತು. ಎರಡು ವಿಮಾನಗಳ ರಚನೆ ಬೇರೆ ಬೇರೆಯಾದ್ದರಿಂದ ಇವನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಲಾಗದು, ನಿಜ. ಆದರೂ ಒಂದು ಮಾತು ಸ್ಪಷ್ಟ: ಎಂಜಿನ್ನುಗಳ ಸಂಖ್ಯೆಯೊಂದೇ ಕ್ಷೇಮವನ್ನು ಅಳೆಯುವ ಅಳತೆಗೋಲಲ್ಲ, ಕ್ರಮವೂ ಎತ್ತರವೂ ಅದಕ್ಕಿಂತ ಮುಂದೆ ನಿಲ್ಲುತ್ತವೆ.

ಗುಬ್ಬಿಯ ಹೆಲಿಕಾಪ್ಟರಿಗೆ ರೆಕ್ಕೆಯೆಲ್ಲಿದೆ?

ವಿಮಾನಕ್ಕೆ ರೆಕ್ಕೆಯಿದೆ, ಜಾರುತ್ತ ಇಳಿಯುತ್ತದೆ, ಹೆಲಿಕಾಪ್ಟರಿಗೆ ಏನಿದೆ? ಮಹಾಗನಿ ಮರದ ಬೀಜ ನೆಲಕ್ಕೆ ಬೀಳುವುದನ್ನು ನೋಡಿ. ಅದಕ್ಕೆ ಎಂಜಿನ್ ಇಲ್ಲ. ಬೀಳುವಾಗ ಕೆಳಗಿನಿಂದ ಒತ್ತುವ ಗಾಳಿಯೇ ಅದನ್ನು ಗಿರ್ರನೆ ತಿರುಗಿಸುತ್ತದೆ, ಆ ತಿರುಗಾಟವೇ ಅದರ ಬೀಳುವಿಕೆಯನ್ನು ತಡೆಯುತ್ತದೆ. ಹೆಲಿಕಾಪ್ಟರಿನ ತಲೆಯ ಮೇಲಿನ ಅಲಗುಗಳೂ ಹಾಗೆಯೇ ರೆಕ್ಕೆಗಳು. ಎಂಜಿನ್ ನಿಂತೊಡನೆ ಅದರ ಬಂಧ ತಾನಾಗಿ ಕಳಚಿಕೊಳ್ಳುತ್ತದೆ. ಚಾಲಕನು ಎಡಗೈಯ ಸನ್ನೆಯನ್ನು ಕೂಡಲೇ ಕೆಳಗಿಳಿಸಿ ಅಲಗುಗಳ ಕೋನವನ್ನು ತಗ್ಗಿಸಿದರೆ, ಕೆಳಗಿನಿಂದ ಬರುವ ಗಾಳಿ ಅವನ್ನು ತಿರುಗಿಸುತ್ತಲೇ ಇರುತ್ತದೆ. ನೆಲ ಹತ್ತಿರವಾದಾಗ ಮೂತಿಯನ್ನು ಎತ್ತಿ ವೇಗವನ್ನು ಕಳೆದು, ಕಡೆಯ ಗಳಿಗೆಯಲ್ಲಿ ಸನ್ನೆಯನ್ನು ಮೇಲಕ್ಕೆಳೆದರೆ, ಅಲಗುಗಳಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಎತ್ತುವ ಬಲವಾಗಿ ಹೆಲಿಕಾಪ್ಟರು ಮೆತ್ತಗೆ ಕೂರುತ್ತದೆ.

ಆದರೆ ಈ ವಿದ್ಯೆ ಸಾಗುವುದು ಎತ್ತರವೋ ವೇಗವೋ ಒಂದಾದರೂ ಕೈಯಲ್ಲಿದ್ದಾಗ. ನೆಲಕ್ಕೆ ಸಮೀಪದಲ್ಲಿ, ಚಲನೆಯಿಲ್ಲದೆ, ಒಂದೇ ಕಡೆ ನಿಂತು ತೇಲುತ್ತಿರುವಾಗ ಎರಡೂ ಇರುವುದಿಲ್ಲ. ಯಾವ ಎತ್ತರದಲ್ಲಿ ಎಷ್ಟು ವೇಗವಿಲ್ಲದಿದ್ದರೆ ಅಪಾಯವೆಂಬುದರ ನಕ್ಷೆಯೊಂದು ಪ್ರತಿಯೊಂದು ಬಗೆಯ ಹೆಲಿಕಾಪ್ಟರಿನ ಕೈಪಿಡಿಯಲ್ಲಿರುತ್ತದೆ. ಸನ್ನೆಯನ್ನು ಇಳಿಸಲು ಚಾಲಕನಿಗೆ ಸಿಗುವುದು ಒಂದೆರಡು ಸೆಕೆಂಡು. ಬಂಡವಾಳದ ಮಾತು ಇಲ್ಲಿಯೂ ಅದೇ. ಗಡುವು ಮಾತ್ರ ಚಿಕ್ಕದು.

ಹೊಣೆ ಯಾರದು?

ವಿಮಾನ ಆಕಾಶದಲ್ಲಿರುವ ತನಕ ಅದರ ವಿಷಯದಲ್ಲಿ ಕಡೆಯ ಅಧಿಕಾರ ಮುಖ್ಯ ಚಾಲಕನದೆಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ಅಧಿಕಾರವಿದ್ದಲ್ಲಿ ಹೊಣೆಯೂ ಉಂಟು. ಇಂಧನವನ್ನು ತಾನೇ ನೋಡಬೇಕು; ಸಂದೇಹವಿದ್ದರೆ ಹಾರಬಾರದು; ಊರಿನ ಮೇಲೆ ಹಾರುವುದಾದರೆ, ಎಂಜಿನ್ ನಿಂತರೂ ಮನೆಗಳಾಚೆಗೆ ಜಾರಿ ಹೋಗುವಷ್ಟು ಎತ್ತರದಲ್ಲಿ ಹಾರಬೇಕು. ಏತಕ್ಕೆಂದರೆ ಕೆಳಗೆ ಕಳೆ ಕೀಳುತ್ತಿರುವವರು ಈ ಹಾರಾಟಕ್ಕೆ ಒಪ್ಪಿಗೆ ಕೊಟ್ಟವರಲ್ಲ. ಎಂಜಿನ್ ನಿಂತ ಮೇಲೆ ಯಂತ್ರವನ್ನು ಉಳಿಸುವ ಆಸೆಯನ್ನು ಅಲ್ಲಿಯೇ ಬಿಟ್ಟು ಜನರನ್ನು ಉಳಿಸಬೇಕು.

ಆದರೆ ಹೊಣೆಯೆಲ್ಲ ಚಾಲಕನೊಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಶೇಷಗಿರಿಹಳ್ಳಿಯ ಪಾಠವನ್ನು ಮರೆತಂತೆ. ಅಲ್ಲಿನ ಮೂವರು ಅನುಸರಿಸಿದ ಕ್ರಮವನ್ನು ಬರೆದದ್ದು ನೆಲದ ಮೇಲಿನ ಮೇಜಿನಲ್ಲಿ. ವಿನ್ಯಾಸಕಾರನ ಕಾಗದ, ಕಾರ್ಖಾನೆಯ ಕೆಲಸಗಾರನ ತಿರುಗುಳಿ, ದುರಸ್ತಿ ಮಾಡುವವನ ಸಹಿ, ಶಿಕ್ಷಕನ ಮಾತು ಇವೆಲ್ಲವೂ ಚಾಲಕನ ಜೊತೆಯಲ್ಲಿ ಆಸನವಿಲ್ಲದೆ ಹಾರುತ್ತಿರುತ್ತವೆ. ಅವರಿಗೆ ವಿಚಾರಮಾಡಲು ದಿನಗಳು, ತಿಂಗಳುಗಳು ಇರುತ್ತವೆ, ಚಾಲಕನಿಗೆ ಸೆಕೆಂಡುಗಳು. ಕಾಲ ಹೆಚ್ಚಾಗಿ ಉಳ್ಳವರ ಹೊಣೆಯೂ ಹೆಚ್ಚಿನದಾಗಬೇಕಷ್ಟೆ.

ಮುಂದೊಂದು ದಿನ ಗುಬ್ಬಿಯ ಕಡೆಯಿಂದ ಬಂದ ಹೆಲಿಕಾಪ್ಟರೊಂದು ತಮ್ಮ ಹೊಲದ ಮೇಲೆ ಹಾದುಹೋದಾಗ ಓದುಗರು ತಲೆಯೆತ್ತಿ ನೋಡುತ್ತಾರೆ. ಅದರ ಎಂಜಿನ್ ನಿಲ್ಲಲಾರದೆಂಬ ಭರವಸೆಯನ್ನು ಯಾರೂ ಕೊಡಲಾರರು. ನಿಂತರೆ ಏನು ಮಾಡಬೇಕೆಂಬುದನ್ನು ಮೇಲಿರುವವನೂ, ಅವನನ್ನು ಮೇಲಕ್ಕೆ ಕಳುಹಿಸಿದವರೂ ಮೊದಲೇ ಯೋಚಿಸಿಟ್ಟಿರಬೇಕೆಂದು ನಾವು ಕೇಳಬಹುದು. ಹಾಗೆ ಕೇಳುವುದು ಕೆಳಗಿರುವವರ ಹಕ್ಕು.